ಬೆಲ್ಟ್ ಕಡಿಯುವ ಮೊದಲು ಓದಬೇಕಾದ ಕೈಪಿಡಿ

ಈ ಕೈಪಿಡಿಯನ್ನು ಕಾರು ನಿಂತಿರುವಾಗ ಓದತಕ್ಕದ್ದು. ಕಾರು ನಿಂತುಹೋದ ಮೇಲೆ ಓದಿದರೆ ಏಳನೆಯ ಭಾಗ ಮಾತ್ರ ಉಪಯೋಗಕ್ಕೆ ಬರುತ್ತದೆ, ಅದೂ ಅಷ್ಟಕ್ಕಷ್ಟೇ.

ಕಾರಿನ ಜೊತೆ ಕಂಪನಿಯವರು ಕೊಟ್ಟ ಮೂಲ ಕೈಪಿಡಿ ಎಲ್ಲಿದೆ ಎಂದು ನಿಮಗೆ ಗೊತ್ತು. ಡ್ಯಾಶ್‌ಬೋರ್ಡಿನ ಡ್ರಾಯರಿನಲ್ಲಿ, ಇನ್ಶೂರೆನ್ಸ್ ಕಾಗದ, ಹಳೆಯ ಟೋಲ್ ಚೀಟಿ, ಧರ್ಮಸ್ಥಳದ ಪ್ರಸಾದದ ಪೊಟ್ಟಣ ಇವೆಲ್ಲದರ ಅಡಿಯಲ್ಲಿ, ಪ್ಲಾಸ್ಟಿಕ್ ಕವರನ್ನೂ ಬಿಚ್ಚದೆ ಭದ್ರವಾಗಿದೆ. ಟೈಮಿಂಗ್ ಬೆಲ್ಟನ್ನು ಯಾವಾಗ ಬದಲಿಸಬೇಕು ಎಂಬುದನ್ನು ಅದರಲ್ಲಿ ಒಂದು ಕೋಷ್ಟಕದ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದಾರೆ. ಆ ಸಾಲನ್ನು ಯಾರೂ ಪಾಲಿಸದ್ದರಿಂದ ಇಷ್ಟುದ್ದ ಬರೆಯಬೇಕಾಗಿ ಬಂದಿದೆ.

1. ಇದು ನಿಮಗೆ ಅನ್ವಯಿಸುತ್ತದೆಯೇ?

ಮೊದಲು ನಿಮ್ಮ ಎಂಜಿನ್‌ನಲ್ಲಿ ಬೆಲ್ಟ್ ಇದೆಯೋ ಚೈನ್ ಇದೆಯೋ ತಿಳಿದುಕೊಳ್ಳಿ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಲ್ಲಿ ಚೈನ್ ಇತ್ತು. 1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿ 800ರಲ್ಲಿ ಬೆಲ್ಟ್. ಆಮೇಲಿನ ಓಮ್ನಿ, ಝೆನ್, ಎಸ್ಟೀಮ್, ಹಳೆಯ ಸ್ಯಾಂಟ್ರೋ, ಇಂಡಿಕಾ ಡೀಸೆಲ್, ಕ್ವಾಲಿಸ್, ಮೊದಲ ತಲೆಮಾರಿನ ಇನ್ನೋವಾ ಡೀಸೆಲ್, ಡಸ್ಟರ್ ಡೀಸೆಲ್ ಎಲ್ಲವೂ ಬೆಲ್ಟಿನವೇ. ಅಂದರೆ ಕರ್ನಾಟಕದ ಮಧ್ಯಮವರ್ಗ ಸುಮಾರು ಮೂರು ದಶಕ ಮದುವೆಗೆ, ಮುಂಜಿಗೆ, ಮಂತ್ರಾಲಯಕ್ಕೆ ಓಡಾಡಿದ್ದು ಒಂದು ರಬ್ಬರ್ ಪಟ್ಟಿಯ ಭರವಸೆಯ ಮೇಲೆ.

ಸ್ವಿಫ್ಟ್ ಡೀಸೆಲ್, ಮಾರುತಿಯ ಕೆ ಸರಣಿಯ ಪೆಟ್ರೋಲ್ ಎಂಜಿನ್, ಇನ್ನೋವಾ ಕ್ರಿಸ್ಟಾ ಇವುಗಳ ಮಾಲೀಕರು ಚೈನಿನವರು. ಅವರು ಕೈಪಿಡಿಯನ್ನು ಇಲ್ಲಿಗೇ ಮುಚ್ಚಬಹುದು. ಆದರೆ ಬೀಗಬಾರದು. ಎಂಜಿನ್ ಆಯಿಲ್ ಬದಲಿಸಲು ಜಿಪುಣತನ ಮಾಡಿದರೆ ಚೈನೂ ಸವೆದು ಉದ್ದವಾಗುತ್ತದೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಗಲಗಲ ಅನ್ನುತ್ತದೆ. ಆಗ ಬರುವ ಬಿಲ್ಲಿನ ಮುಂದೆ ಬೆಲ್ಟಿನವರ ಬಿಲ್ಲು ಏನೂ ಅಲ್ಲ. 2001ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ರೇವಾ ಕಾರಿನವರಿಗೂ ಇಂದಿನ ಎಲೆಕ್ಟ್ರಿಕ್ ಕಾರಿನವರಿಗೂ ಬೆಲ್ಟೂ ಇಲ್ಲ, ಚೈನೂ ಇಲ್ಲ. ಅವರ ಚಿಂತೆಗಳ ಕೈಪಿಡಿ ಬೇರೆ.

ಇನ್ನೊಂದು ಉಪಜಾತಿ ಇದೆ. ಇಕೋಸ್ಪೋರ್ಟಿನ 1 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್‌ನಲ್ಲಿ ಬೆಲ್ಟ್ ಎಂಜಿನ್ ಆಯಿಲಿನೊಳಗೇ ನೆನೆದುಕೊಂಡು ಓಡುತ್ತದೆ. ಅಂಥದ್ದಕ್ಕೆ ಕಂಪನಿ ಹೇಳಿದ ದರ್ಜೆಯ ಆಯಿಲ್ಲೇ ಆಗಬೇಕು. ಸಿಕ್ಕಿದ್ದನ್ನು ಸುರಿದರೆ ರಬ್ಬರ್ ಚೂರುಚೂರಾಗಿ ಉದುರಿ, ಆಯಿಲ್ ಹೀರುವ ಜಾಲರಿಗೆ ಮೆತ್ತಿಕೊಂಡು, ಎಂಜಿನ್ನಿಗೆ ಆಯಿಲ್ಲೇ ಹೋಗದಂತಾಗುತ್ತದೆ. ‘ಎಲ್ಲಾ ಆಯಿಲ್ಲೂ ಒಂದೇ ಸಾರ್’ ಎನ್ನುವವರ ಅಂಗಡಿಯಿಂದ ಈ ಮಾಲೀಕರು ದೂರವಿರತಕ್ಕದ್ದು.

2. ಈ ಪಟ್ಟಿ ಮಾಡುವ ಕೆಲಸ

ಎಂಜಿನ್ನಿನ ಕೆಳಗೆ ಕ್ರ್ಯಾಂಕ್ ತಿರುಗುತ್ತದೆ, ಪಿಸ್ಟನ್ ಮೇಲೆ ಕೆಳಗೆ ಹೋಗಿ ಬರುತ್ತದೆ. ಮೇಲೆ ಹೆಡ್ಡಿನಲ್ಲಿ ಕ್ಯಾಮ್ ತಿರುಗಿ ವಾಲ್ವ್‌ಗಳನ್ನು ಕೆಳಕ್ಕೆ ಒತ್ತಿ ತೆರೆಯುತ್ತದೆ. ಕ್ರ್ಯಾಂಕ್ 2 ಸುತ್ತು ಹೊಡೆಯುವುದರೊಳಗೆ ಕ್ಯಾಮ್ 1 ಸುತ್ತು ಹೊಡೆಯಬೇಕು. ಅದಕ್ಕೇ ಮೇಲಿನ ಪುಲ್ಲಿಗೆ ಕೆಳಗಿನದರ ಎರಡರಷ್ಟು ಹಲ್ಲು. ಇವೆರಡನ್ನೂ ಜೋಡಿಸಿರುವುದು ಒಳಮೈಯಲ್ಲಿ ಹಲ್ಲಿರುವ ಈ ಪಟ್ಟಿ. ಮೇಲೆ ರಬ್ಬರ್, ಒಳಗೆ ಗಾಜಿನ ನಾರಿನ ಎಳೆಗಳು, ಹಲ್ಲಿನ ಮೇಲೆ ನೈಲಾನ್ ಬಟ್ಟೆ. ಹಲವು ಡೀಸೆಲ್ ಎಂಜಿನ್‌ಗಳಲ್ಲಿ ಡೀಸೆಲ್ ಪಂಪನ್ನೂ ಇದೇ ತಿರುಗಿಸುತ್ತದೆ, ಕೆಲವು ಎಂಜಿನ್‌ಗಳಲ್ಲಿ ವಾಟರ್ ಪಂಪನ್ನೂ.

ವಠಾರದಲ್ಲಿ ಬೆಳೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹತ್ತು ಮನೆಗೆ ಒಂದೇ ಬಚ್ಚಲು. ಒಬ್ಬರು ಹೊರಗೆ ಬಂದ ಮೇಲೆ ಇನ್ನೊಬ್ಬರು ಒಳಗೆ ಹೋಗಬೇಕು, ಎಲ್ಲರಿಗೂ ಆಫೀಸಿನ ಹೊತ್ತು. ಅದನ್ನು ನಡೆಸುತ್ತಿದ್ದದ್ದು ಬಾಗಿಲ ಬಳಿ ಕೂತ ಒಬ್ಬ ಅಜ್ಜಿ. ಸಿಲಿಂಡರಿನೊಳಗೂ ಹಾಗೆಯೇ: ವಾಲ್ವ್ ಕೆಳಗಿಳಿದು ನಿಲ್ಲುವ ಜಾಗಕ್ಕೇ ಪಿಸ್ಟನ್ನೂ ಏರಿ ಬರುತ್ತದೆ, ಬೇರೆ ಹೊತ್ತಿನಲ್ಲಿ. 3,000 ಆರ್‌ಪಿಎಂ ವೇಗದಲ್ಲಿ ಒಂದೊಂದು ವಾಲ್ವೂ ಸೆಕೆಂಡಿಗೆ 25 ಸಲ ಬಂದು ಹೋಗುತ್ತದೆ. ಅಜ್ಜಿ ಒಂದು ಕ್ಷಣ ತೂಕಡಿಸಿದರೆ ಆಗುವುದು ಜಗಳವಲ್ಲ, ಮೂಳೆಮುರಿತ.

ಎಲ್ಲ ಎಂಜಿನ್‌ಗಳೂ ಹೀಗಲ್ಲ. ಕೆಲವದರಲ್ಲಿ ವಾಲ್ವಿಗೂ ಪಿಸ್ಟನ್ನಿಗೂ ಮಧ್ಯೆ ಸಾಕಷ್ಟು ಜಾಗ ಬಿಟ್ಟಿರುತ್ತಾರೆ. ಬೆಲ್ಟ್ ಕಡಿದರೆ ಕಾರು ನಿಲ್ಲುತ್ತದೆ, ಹೊಸ ಬೆಲ್ಟ್ ಹಾಕಿದರೆ ಹೊರಡುತ್ತದೆ. ಆದರೆ ಇಂಧನವನ್ನು ಚೆನ್ನಾಗಿ ಹಿಂಡಿ ಉರಿಸಬೇಕೆಂದು ಜಾಗ ಕಿರಿದು ಮಾಡುತ್ತಾ ಬಂದ ಹಾಗೆಲ್ಲ ಈ ಉದಾರಿಗಳು ಕಡಿಮೆಯಾದರು. ಡೀಸೆಲ್ ಎಂಜಿನ್‌ನಲ್ಲಂತೂ ಆ ಆಸೆ ಇಟ್ಟುಕೊಳ್ಳಬಾರದು. ನಿಮ್ಮದು ಯಾವ ಬಗೆ ಎಂದು ಪ್ರಯೋಗ ಮಾಡಿ ನೋಡಬೇಡಿ.

ಈ ರಬ್ಬರಿನ ಐಡಿಯಾ ಯಾರದು ಎಂದು ಶಪಿಸುವವರ ಮಾಹಿತಿಗೆ: ಬವೇರಿಯಾದ ಡಿಂಗೊಲ್ಫಿಂಗ್ ಊರಿನ ಗ್ಲಾಸ್ ಎಂಬ ಕಂಪನಿ, 1962ರಲ್ಲಿ, ತನ್ನ 1004 ಕಾರಿನಲ್ಲಿ. ಮೊದಲು ಬಿತ್ತನೆಯ ಯಂತ್ರ ಮಾಡುತ್ತಿದ್ದವರು. ಚೈನಿಗಿಂತ ಅಗ್ಗ, ಸದ್ದಿಲ್ಲ, ಆಯಿಲ್ ಬೇಡ, ಎಲ್ಲವೂ ನಿಜ. 1966ರಲ್ಲಿ ಆ ಕಂಪನಿಯನ್ನು ಬಿಎಂಡಬ್ಲ್ಯು ಕೊಂಡುಕೊಂಡಿತು. ಶಪಿಸಲು ಈಗ ಅವರು ಸಿಗುವುದಿಲ್ಲ.

3. ಯಾವಾಗ?

ಕಾರಿನಿಂದ ಕಾರಿಗೆ ಲೆಕ್ಕ ಬೇರೆ. ಬಹುತೇಕ 60,000ದಿಂದ 1,00,000 ಕಿಲೋಮೀಟರಿನ ನಡುವೆ ಇರುತ್ತದೆ, ಕೆಲವು ಡೀಸೆಲ್‌ಗಳಲ್ಲಿ ಅದಕ್ಕೂ ಮೇಲೆ. ಪಕ್ಕದಲ್ಲಿ ಇಷ್ಟು ವರ್ಷ ಎಂದೂ ಇರುತ್ತದೆ. ಅದರ ಮುಂದೆ ಸಣ್ಣಕ್ಷರದಲ್ಲಿ: ‘ಯಾವುದು ಮೊದಲೋ ಅದು’. ಕಾರು ಮಾಲೀಕರ ಕಣ್ಣಿಗೆ ಈ ಮೂರು ಪದ ಬೀಳುವುದಿಲ್ಲ. ಬಿದ್ದರೂ ಅದನ್ನು ‘ಯಾವುದು ಕೊನೆಗೋ ಅದು’ ಎಂದು ಓದಿಕೊಳ್ಳುತ್ತಾರೆ.

ಮೈಸೂರಿನ ಕುವೆಂಪುನಗರದಲ್ಲಿ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರು ಇದ್ದಾರೆಂದು ಇಟ್ಟುಕೊಳ್ಳಿ. ಕಾರು ತೆಗೆಯುವುದು ಕೆಲವು ಸೋಮವಾರ ನಂಜನಗೂಡಿಗೆ, ಆಮೇಲೆ ಯಾರದಾದರೂ ಮದುವೆಗೆ. ವರ್ಷಕ್ಕೆ 2,000 ಕಿಲೋಮೀಟರ್. ಉಳಿದ ಹೊತ್ತೆಲ್ಲ ಕಾರು ಹೊದಿಕೆ ಹೊದ್ದು ಮಲಗಿರುತ್ತದೆ. ಅವರ ಲೆಕ್ಕದಲ್ಲಿ ಲಕ್ಷ ಕಿಲೋಮೀಟರ್ ಆಗಲು 50 ವರ್ಷ ಬೇಕು. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣ. ಅಂದರೆ ಆರ್‌ಟಿಒ ಆಫೀಸಿಗೆ ಏಳು ಸಲ ಹೋಗಿ ಬಂದ ಮೇಲೆ ಬೆಲ್ಟಿನ ಸರದಿ. ರಬ್ಬರಿಗೆ ಈ ಲೆಕ್ಕ ಬರುವುದಿಲ್ಲ. ಅದು ಓಡಿದರೂ ಮುದಿಯಾಗುತ್ತದೆ, ಮಲಗಿದರೂ ಮುದಿಯಾಗುತ್ತದೆ. ನಮ್ಮ ಬೇಸಗೆಯಲ್ಲಿ ಎಂಜಿನ್ನಿನ ಕಾವಿನ ಪಕ್ಕದಲ್ಲೇ ಕೂತ ರಬ್ಬರ್ ಬೇರೆ. ಇಂಥ ‘ಒಬ್ಬರೇ ಓನರ್, ಕಡಿಮೆ ಓಡಿದ ಗಾಡಿ’ಯನ್ನು ಕೊಳ್ಳುವವರು ಮೀಟರಿನಲ್ಲಿರುವ ಸಂಖ್ಯೆ ನೋಡಿ ಹಿಗ್ಗುವ ಮೊದಲು ಕಾರು ತಯಾರಾದ ವರ್ಷ ನೋಡತಕ್ಕದ್ದು.

ಈಗ ಬೆಂಗಳೂರಿಗೆ ಬನ್ನಿ. ಇಲ್ಲಿ ಕಿಲೋಮೀಟರೇ ಸುಳ್ಳು ಹೇಳುತ್ತದೆ. ಯಾರೂ ತಿದ್ದದೆ, ತಾನಾಗಿಯೇ. ಹೆದ್ದಾರಿಯಲ್ಲಿ ಗಂಟೆಗೆ 60ರ ಸರಾಸರಿಯಲ್ಲಿ ಓಡುವ ಕಾರು ಒಂದು ಲಕ್ಷ ಮುಟ್ಟುವುದರೊಳಗೆ ಎಂಜಿನ್ ಸುಮಾರು 1,670 ಗಂಟೆ ತಿರುಗಿರುತ್ತದೆ. ಹತ್ತು ಕಿಲೋಮೀಟರಿಗೆ ಅರ್ಧ ಗಂಟೆ ತೆಗೆದುಕೊಳ್ಳುವ ಊರಿನಲ್ಲಿ ಅದೇ ಒಂದು ಲಕ್ಷಕ್ಕೆ 5,000 ಗಂಟೆ. ಸಿಲ್ಕ್ ಬೋರ್ಡಿನಲ್ಲಿ ಎಂಜಿನ್ ಆರಿಸದೆ ಏಸಿ ಹಾಕಿಕೊಂಡು ಕೂತಾಗ ಕ್ರ್ಯಾಂಕ್ ನಿಮಿಷಕ್ಕೆ 800 ಸುತ್ತಿನಂತೆ ಗಂಟೆಗೆ 48,000 ಸುತ್ತು ಹೊಡೆಯುತ್ತದೆ. ಬೆಲ್ಟ್ ಅಷ್ಟೂ ಹೊತ್ತು ದುಡಿಯುತ್ತದೆ. ಓಡೋಮೀಟರ್ ಮಾತ್ರ ಹಾಜರಿ ಹಾಕುವುದಿಲ್ಲ. ಮೂಲ ಕೈಪಿಡಿಯ ಇನ್ನೊಂದು ಪುಟದಲ್ಲಿ ‘ಕಠಿಣ ಪರಿಸ್ಥಿತಿ’ ಎಂಬ ಶೀರ್ಷಿಕೆಯಿರುವುದುಂಟು: ಪದೇಪದೇ ನಿಂತು ಹೊರಡುವುದು, ಧೂಳು, ಬಿಸಿಲು, ಹೆಚ್ಚು ಹೊತ್ತು ನಿಂತಲ್ಲೇ ಎಂಜಿನ್ ಓಡಿಸುವುದು, ಹಾಗಿದ್ದರೆ ಅವಧಿ ಕಡಿಮೆ ಮಾಡಿಕೊಳ್ಳಿ ಎಂದು. ಅದನ್ನು ಓದಿದ ಬೆಂಗಳೂರಿಗರು ಇದು ಯಾವುದೋ ಮರುಭೂಮಿಯ ವಿಷಯ ಎಂದು ಪುಟ ತಿರುವುತ್ತಾರೆ. ಅಲ್ಲ, ಅದು ಹೊರವರ್ತುಲ ರಸ್ತೆ. ಸಂಡೂರಿನ ಅದಿರು ಧೂಳಿನಲ್ಲಿ ಓಡಿಸುವವರೂ ಅದೇ ಪುಟದವರು.

ಟೊಯೋಟಾದ ಹಳೆಯ ಡೀಸೆಲ್‌ಗಳಲ್ಲಿ ಹೊತ್ತಾದಾಗ ಮೀಟರಿನಲ್ಲಿ ಟಿ-ಬೆಲ್ಟ್ ಎಂಬ ದೀಪ ಹೊತ್ತಿಕೊಳ್ಳುತ್ತದೆ. ಎಂಥ ಸೌಜನ್ಯ! ಆದರೆ ಮನುಷ್ಯನ ಬುದ್ಧಿ ನೋಡಿ: ದೀಪ ಆರಿಸುವ ಉಪಾಯವೊಂದಿದೆ, ಅದು ಎಲ್ಲ ಡ್ರೈವರುಗಳಿಗೂ ಗೊತ್ತಿದೆ. ಬೆಲ್ಟ್ ಬದಲಿಸಿದ ಮೇಲೆ ಮುಂದಿನ ಅವಧಿ ಎಣಿಸಲಿ ಎಂದು ಇಟ್ಟ ಉಪಾಯವನ್ನು, ಬೆಲ್ಟ್ ಬದಲಿಸದೆ ನೆಮ್ಮದಿ ಪಡೆಯಲು ಬಳಸಲಾಗುತ್ತದೆ. ಆ ದೀಪಕ್ಕೆ ಬೆಲ್ಟಿನ ಆರೋಗ್ಯ ಗೊತ್ತಿಲ್ಲ, ಕಿಲೋಮೀಟರ್ ಎಣಿಸುವುದಷ್ಟೇ ಅದರ ಕೆಲಸ. ಕೊಂಡ ಹಳೆಯ ಇನ್ನೋವಾದಲ್ಲಿ ದೀಪ ಆರಿದೆ ಎಂದರೆ ಯಾರೋ ಆರಿಸಿದ್ದಾರೆ ಎಂದಷ್ಟೇ ಅರ್ಥ.

ಸೆಕೆಂಡ್ ಹ್ಯಾಂಡ್ ಕಾರಿನ ನಿಯಮ ಚಿಕ್ಕದು. ಬೆಲ್ಟ್ ಬದಲಿಸಿದ ಬಿಲ್ಲು ಕಣ್ಣಿಗೆ ಕಂಡರೆ ನಂಬಿ. ‘ಹೋದ ವರ್ಷ ಹಾಕ್ಸಿದೀವಿ ಸಾರ್, ಬಿಲ್ ಎಲ್ಲೋ ಇದೆ’ ಎಂದರೆ, ಹಾಕಿಸಿಲ್ಲ ಎಂದುಕೊಂಡು ಕೊಂಡ ವಾರದಲ್ಲೇ ಬದಲಿಸಿ.

4. ಲಕ್ಷಣಗಳು

ಈ ಭಾಗವನ್ನು ಓದುಗರು ಬಹಳ ನಿರೀಕ್ಷೆಯಿಂದ ತೆರೆಯುತ್ತಾರೆ. ನಿರಾಶೆಯಾಗಲಿದೆ.

ನಾವು ಲಕ್ಷಣಗಳನ್ನು ನಂಬುವ ಜನ. ಬ್ರೇಕ್ ಪ್ಯಾಡ್ ಕಿರುಗುಟ್ಟುತ್ತದೆ, ಕ್ಲಚ್ ವಾಸನೆ ಬರುತ್ತದೆ, ಬ್ಯಾಟರಿ ಎರಡು ದಿನ ಮುಂಚೆಯೇ ನರಳುತ್ತದೆ. ಟೈಮಿಂಗ್ ಬೆಲ್ಟ್ ಮಾತ್ರ ಕಡಿಯುವ ಕ್ಷಣದವರೆಗೂ ನಿನ್ನೆಯ ಹಾಗೇ ಇರುತ್ತದೆ. ಮೈಲೇಜ್ ಕಡಿಮೆಯಾಗುವುದಿಲ್ಲ, ಪಿಕಪ್ ಕಡಿಮೆಯಾಗುವುದಿಲ್ಲ. ‘ಗಾಡಿ ಬೆಣ್ಣೆ ಬೆಣ್ಣೆ ಓಡ್ತಾ ಇದೆ, ಈಗ್ಯಾಕೆ ಬಿಚ್ಚೋದು?’ ಎಂಬುದು ಮಾಲೀಕರ ಪ್ರಧಾನ ವಾದ. ಕಡಿದ ಬೆಲ್ಟುಗಳಲ್ಲಿ ಬಹುಪಾಲು ಹಿಂದಿನ ದಿನ ಹಾಗೇ ಓಡುತ್ತಿದ್ದವು.

ಮಳೆಗಾಲದ ಬೆಳಿಗ್ಗೆ ಬಾನೆಟ್ ಒಳಗಿಂದ ಕೀಚ್ ಎಂದು ಕೂಗಿ ಇಡೀ ಬೀದಿಯನ್ನು ಎಬ್ಬಿಸುವುದು ಇದಲ್ಲ. ಅದು ಹೊರಗೆ ಕಾಣುವ, ಆಲ್ಟರ್ನೇಟರ್ ತಿರುಗಿಸುವ ಬೆಲ್ಟ್. ಗ್ಯಾರೇಜಿನ ಭಾಷೆಯಲ್ಲಿ ಇಂದಿಗೂ ಫ್ಯಾನ್ ಬೆಲ್ಟ್. ಅದನ್ನು ಬದಲಿಸಿ, ‘ಬೆಲ್ಟ್ ಹಾಕ್ಸಾಯ್ತು’ ಎಂದು ನಿಶ್ಚಿಂತರಾದವರ ಸಂಖ್ಯೆ ದೊಡ್ಡದು. ಟೈಮಿಂಗ್ ಬೆಲ್ಟ್ ಕವರಿನೊಳಗೆ ಇರುತ್ತದೆ. ಆಯುಧಪೂಜೆಗೆ ಬಾನೆಟ್ ಎತ್ತಿ ಅರಿಶಿನ ಕುಂಕುಮ ಹಚ್ಚುವಾಗಲೂ ಅದು ಕಾಣುವುದಿಲ್ಲ.

ಕವರ್ ಬಿಚ್ಚಿ ನೋಡಿದರೆ? ಬಿರುಕು, ಹೊಳಪು, ಅಂಚಿನ ಎಳೆ ಬಿಟ್ಟಿರುವುದು, ಹಲ್ಲು ಉದುರಿರುವುದು, ಆಯಿಲ್ ಸೋರಿ ನೆನೆದಿರುವುದು, ಇವುಗಳಲ್ಲಿ ಯಾವುದು ಕಂಡರೂ ಕಾರನ್ನು ಅಲ್ಲಿಂದ ಓಡಿಸಿಕೊಂಡು ಹೋಗಬಾರದು. ಆದರೆ ಏನೂ ಕಾಣದಿದ್ದರೆ ಚೆನ್ನಾಗಿದೆ ಎಂದಲ್ಲ. ಈಗಿನ ರಬ್ಬರ್ ಹಳೆಯದರಂತೆ ಮುಂಚೆಯೇ ಬಿರುಕು ಬಿಟ್ಟು ತೋರಿಸಿಕೊಳ್ಳುವುದಿಲ್ಲ; ಸವೆದದ್ದು ಒಳಗಿನ ಎಳೆ. ಟಾರ್ಚ್ ಬಿಟ್ಟು ಇಣುಕಿ, ಬೆರಳಿಂದ ಒತ್ತಿ, ‘ಇನ್ನೂ ಒಂದಿಪ್ಪತ್ತು ಸಾವಿರ ಬರುತ್ತೆ’ ಎನ್ನುವವರು ನಾಡಿ ನೋಡಿ ಜಾತಕ ಹೇಳುತ್ತಿದ್ದಾರೆ. ನಾವು ನೆಚ್ಚಬಹುದಾದದ್ದು ಕಾಗದದ ಮೇಲಿನ ಲೆಕ್ಕ ಒಂದನ್ನೇ. ಕಾಗದವನ್ನು ನಂಬಬೇಕಾಗಿ ಬಂದದ್ದಕ್ಕೆ ನನಗೂ ಬೇಸರವಿದೆ.

5. ಸಲಹೆಗಾರರು

ಬೆಲ್ಟ್ ಬದಲಿಸುವ ನಿರ್ಧಾರ ಮಾಡಿದ ಕೂಡಲೇ ಅದನ್ನು ಯಾರಿಗೂ ಹೇಳಬೇಡಿ. ಹೇಳಿದರೆ ಭಾವಮೈದುನ ಬರುತ್ತಾನೆ. ‘ಭಾವಾ, ನಮ್ಮ ಗಾಡಿ ಒಂದು ಅರವತ್ತು ಓಡಿದೆ, ಇನ್ನೂ ಕಂಪನಿ ಬೆಲ್ಟೇ ಇದೆ. ಗ್ಯಾರೇಜಿನವರು ಸುಮ್ನೆ ಹೆದರಿಸ್ತಾರೆ’ ಎನ್ನುತ್ತಾನೆ. ಅವನ ಕಾರು ಚೈನಿನದು. ಅವನಿಗೂ ಅದು ಗೊತ್ತಿಲ್ಲ.

ಬಿಡಿಭಾಗ ನೀವೇ ತಂದುಕೊಡುವುದಾದರೆ, ಬೆಂಗಳೂರಿನವರು ಜೆ.ಸಿ. ರಸ್ತೆಗೆ ಹೋಗುವುದು ವಾಡಿಕೆ. ಅಲ್ಲಿ ಸಿಗದ ಕಾರಿನ ಭಾಗವಿಲ್ಲ. ಮಾಡೆಲ್, ವರ್ಷ, ಎಂಜಿನ್ ನಂಬರ್ ಬರೆದುಕೊಂಡು ಹೋಗಿ. ಒಂದೇ ಹೆಸರಿನ ಕಾರಿಗೆ ಎರಡು ಬಗೆಯ ಎಂಜಿನ್ ಇದ್ದರೆ ಬೆಲ್ಟಿನ ಹಲ್ಲಿನ ಸಂಖ್ಯೆಯೂ ಬೇರೆ. ‘ಒರಿಜಿನಲ್ಲೇ ಸಾರ್, ಡಬ್ಬ ಮಾತ್ರ ಇಲ್ಲ’ ಎಂದರೆ ಡಬ್ಬ ಇರುವ ಅಂಗಡಿಗೆ ನಡೆಯಿರಿ. ಸಣ್ಣ ಕಾರಿನ ಬೆಲ್ಟ್ ಒಂದು ಟೈರಿಗಿಂತ ಅಗ್ಗ. ಅದರಲ್ಲಿ ನೂರಿನ್ನೂರು ಉಳಿಸಲು ಚೌಕಾಸಿ ಮಾಡುವ ಉತ್ಸಾಹವನ್ನು ಸೀಟ್ ಕವರಿಗೆ ಮೀಸಲಿಡಿ.

ಗ್ಯಾರೇಜಿನಲ್ಲಿ ನಡೆಯುವ ಸಂಭಾಷಣೆ ಹೀಗಿರುತ್ತದೆ:

‘ಬೆಲ್ಟ್ ಜೊತೆ ಟೆನ್ಷನರ್, ಐಡ್ಲರ್ ಬೇರಿಂಗ್ ಹಾಕ್ಬಿಡೋಣ ಸಾರ್. ನಿಮ್ಮ ಗಾಡೀಲಿ ವಾಟರ್ ಪಂಪೂ ಇದೇ ಬೆಲ್ಟಲ್ಲೇ ಓಡೋದು, ಅದನ್ನೂ ಹಾಕಿ. ಕ್ಯಾಮ್ ಸೀಲು, ಕ್ರ್ಯಾಂಕ್ ಸೀಲು…’

‘ಅಲ್ಲಪ್ಪಾ, ಪಂಪು ಚೆನ್ನಾಗೇ ಇದೆಯಲ್ಲ?’

‘ಚೆನ್ನಾಗಿದೆ ಸಾರ್. ಮುಂದಿನ ವರ್ಷ ಸೋರಿದ್ರೆ ಮತ್ತೆ ಇದಿಷ್ಟೂ ಬಿಚ್ಬೇಕು. ಮಜೂರಿ ಮತ್ತೆ ಕೊಡ್ತೀರಾ?’

ಮಾಲೀಕರು ಇಲ್ಲಿ ಅನುಮಾನ ಪಡುವುದು ಸಹಜ. ಗ್ಯಾರೇಜಿನಲ್ಲಿ ಅನುಮಾನ ಪಡಬೇಕಾದ ಜಾಗಗಳು ಬೇಕಾದಷ್ಟಿವೆ. ಇದು ಅವುಗಳಲ್ಲಿ ಒಂದಲ್ಲ. ಹಳೆಯ ಟೆನ್ಷನರಿನ ಬೇರಿಂಗ್ ಕಚ್ಚಿಕೊಂಡರೆ ಹೊಸ ಬೆಲ್ಟೂ ಅಂದೇ ಹೋಗುತ್ತದೆ. ಈ ಒಂದು ವಿಷಯದಲ್ಲಿ ಮೆಕ್ಯಾನಿಕ್ ಹೇಳಿದ್ದಕ್ಕೆ ತಲೆಯಾಡಿಸಿ.

6. ಬದಲಿಸುವ ವಿಧಾನ

ಮಾಲೀಕರ ಪಾತ್ರ: ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುವುದು. ಈ ಕೆಲಸದಲ್ಲಿ ಮೆಕ್ಯಾನಿಕ್ಕಿನ ಜೊತೆ ಮಾತಾಡಬಾರದು. ರಾಜಕೀಯವನ್ನಂತೂ ಎತ್ತಲೇಬಾರದು.

ಮೊದಲ ಸಿಲಿಂಡರಿನ ಪಿಸ್ಟನ್ನನ್ನು ತುತ್ತತುದಿಗೆ ತಂದು, ಪುಲ್ಲಿಗಳ ಮೇಲಿರುವ ಗುರುತುಗಳು ತಮ್ಮ ತಮ್ಮ ಜಾಗಕ್ಕೆ ಸರಿಯಾಗಿ ಬಂದಿವೆಯೇ ನೋಡುವುದು ಎಲ್ಲಕ್ಕೂ ಮೊದಲ ಕೆಲಸ. ಅನುಭವಿಗಳು ಅದರ ಮೇಲೆ ಬಿಳಿ ಬಣ್ಣದ ಚುಕ್ಕೆಯನ್ನೂ ಇಡುತ್ತಾರೆ. ಬೆಲ್ಟ್ ತೆಗೆದ ಮೇಲೆ ಕ್ಯಾಮನ್ನಾಗಲಿ ಕ್ರ್ಯಾಂಕನ್ನಾಗಲಿ ಸುಮ್ಮನೆ ತಿರುಗಿಸಕೂಡದು. ಹೊಸ ಬೆಲ್ಟನ್ನು ಮಡಚಬಾರದು, ತಿರುಚಬಾರದು, ಸ್ಕ್ರೂಡ್ರೈವರ್ ಹಾಕಿ ಮೀಟಿ ಏರಿಸಬಾರದು, ಗ್ರೀಸ್ ಕೈಯಲ್ಲಿ ಮುಟ್ಟಬಾರದು. ಬಿಗಿ ಕಂಪನಿ ಹೇಳಿದಷ್ಟೇ ಇರಬೇಕು; ಹೆಚ್ಚಾದರೆ ಬೇರಿಂಗ್ ಊಳಿಡುತ್ತದೆ, ಕಡಿಮೆಯಾದರೆ ಹಲ್ಲು ಜಾರುತ್ತದೆ.

ಈ ಇಡೀ ಕೆಲಸದಲ್ಲಿ ನನಗೆ ಬಹಳ ಇಷ್ಟವಾದದ್ದು ಮುಂದಿನದು. ಎಲ್ಲ ಕೂರಿಸಿದ ಮೇಲೆ ಒಳ್ಳೆಯ ಮೆಕ್ಯಾನಿಕ್ ಚಾವಿಗೆ ಕೈ ಹಾಕುವುದಿಲ್ಲ. ಸ್ಪಾನರ್ ಹಾಕಿ ಕ್ರ್ಯಾಂಕನ್ನು ಅದು ತಿರುಗುವ ದಿಕ್ಕಿನಲ್ಲೇ ಪೂರ್ತಿ 2 ಸುತ್ತು ಕೈಯಲ್ಲಿ ನಿಧಾನವಾಗಿ ತಿರುಗಿಸುತ್ತಾನೆ. ಎಲ್ಲಾದರೂ ತಡೆದರೆ ನಿಲ್ಲಿಸುತ್ತಾನೆ, ಜಗ್ಗುವುದಿಲ್ಲ. ಗುರುತುಗಳು ಮತ್ತೆ ಅದೇ ಜಾಗಕ್ಕೆ ಬಂದರೆ ಮಾತ್ರ ಕವರ್ ಮುಚ್ಚುತ್ತಾನೆ. ವಾಲ್ವೂ ಪಿಸ್ಟನ್ನೂ ಡಿಕ್ಕಿಯಾಗುವುದಿದ್ದರೆ ಅವನ ಕೈಯ ನಿಧಾನದಲ್ಲಿ ಆಗಲಿ, ಸೆಲ್ಫ್ ಮೋಟರಿನ ಬಲದಲ್ಲಿ ಬೇಡ ಎಂಬುದು ಇದರ ಮರ್ಮ. ಈ ಎರಡು ಸುತ್ತು ಹಾಕದೆ ನೇರ ಸ್ಟಾರ್ಟ್ ಮಾಡುವವರ ಕೈಗೆ ಕಾರು ಕೊಡಬೇಡಿ, ಅವರ ಗೋಡೆಯ ಮೇಲೆ ಎಷ್ಟೇ ಸರ್ಟಿಫಿಕೇಟ್ ತೂಗುತ್ತಿರಲಿ. ಹಲ್ಲೊಂದು ಆಚೀಚೆಯಾಗಿ ಕೂತರೂ ಕಾರು ಓಡಬಹುದು. ಆದರೆ ಏರಿನಲ್ಲಿ ಏದುಸಿರು ಬಿಡುತ್ತದೆ, ಸಿಗ್ನಲ್ಲಿನಲ್ಲಿ ನಡುಗುತ್ತದೆ, ಪೆಟ್ರೋಲ್ ಕುಡಿಯುತ್ತದೆ.

7. ಬೆಲ್ಟ್ ಕಡಿದಾಗ

ಚಾರ್ಮಾಡಿ ಘಾಟಿಯಲ್ಲಿ, ಕೊಟ್ಟಿಗೆಹಾರ ಇನ್ನೂ ಮೇಲಿದೆ ಎನ್ನುವಾಗ, ಹೊಗೆಯಿಲ್ಲದೆ ಎಂಜಿನ್ ಒಮ್ಮೆಲೇ ನಿಂತಿತು. ಸ್ಟೀರಿಂಗ್ ಭಾರವಾಯಿತು, ಬ್ರೇಕ್ ಎರಡು ಸಲ ಒತ್ತಿದ ಮೇಲೆ ಗಟ್ಟಿಯಾಯಿತು. ಗಾಬರಿಯಾಗದೆ ಬದಿಗೆ ತನ್ನಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ.

ಈಗ ಸೆಲ್ಫ್ ಹೊಡೆಯಬೇಡಿ. ಹೊಡೆದೇ ಹೊಡೆಯುತ್ತೀರಿ ಎಂದು ಈ ಕೈಪಿಡಿಗೆ ಗೊತ್ತು. ಒಂದು ಸಲಕ್ಕೆ ನಿಲ್ಲಿಸಿ. ಎಂದಿನ ಗರ್ ಗರ್ ಇಲ್ಲದೆ, ಒಳಗೆ ಹಿಡಿತವೇ ಇಲ್ಲವೆಂಬಂತೆ ಎಂಜಿನ್ ಹಗುರಾಗಿ ಗಿರ್ರನೆ ತಿರುಗಿದರೆ, ಕಡಿದಿರುವುದು ಅದೇ. ಪ್ರತಿ ಸಲ ಹೊಡೆದಾಗಲೂ ಅಲ್ಲಿಯವರೆಗೆ ಬಚಾವಾಗಿದ್ದ ವಾಲ್ವಿಗೂ ಪೆಟ್ಟು ಬೀಳಬಹುದು. ಜೀಪಿನಿಂದ ಇಳಿದು ಬಂದ ನಾಲ್ವರು ‘ತಳ್ಳಿ ಸ್ಟಾರ್ಟ್ ಮಾಡೋಣ ಬನ್ನಿ’ ಎಂದರೆ, ಕೈಮುಗಿದು, ನೀರು ಕೊಟ್ಟು, ಬೇಡವೆನ್ನಿ. ಇಳಿಜಾರಿನಲ್ಲಿ ಗೇರಿಗೆ ಹಾಕಿ ಬಿಡುವುದಂತೂ ಕೂಡದು. ಟೋ ಗಾಡಿಗೆ ಫೋನ್ ಮಾಡಿ. ಘಾಟಿಯಲ್ಲಿ ನೆಟ್‌ವರ್ಕ್ ಸಿಗುವ ತಿರುವನ್ನು ಹುಡುಕುವುದು ನಿಮ್ಮ ಮುಂದಿನ ಕೆಲಸ.

ಆಮೇಲೆ ಹೆಡ್ ಇಳಿಸುತ್ತಾರೆ. ಬಗ್ಗಿದ ವಾಲ್ವ್‌ಗಳು, ಗ್ಯಾಸ್ಕೆಟ್ ಸೆಟ್, ಲೇತಿನ ಕೆಲಸ, ಅದೃಷ್ಟ ನೆಟ್ಟಗಿಲ್ಲದಿದ್ದರೆ ಪಿಸ್ಟನ್. ಎಸ್ಟಿಮೇಟ್ ಕೇಳುವಾಗ ಕೂತುಕೊಂಡಿರಿ.

8. ಬದಲಿಸಿದ ನಂತರ

ಮೆಕ್ಯಾನಿಕ್ ಹಳೆಯ ಬೆಲ್ಟನ್ನು ತಂದು ನಿಮ್ಮ ಕೈಗಿಡುತ್ತಾನೆ. ಅದು ಹೊಸದರಂತೆಯೇ ಇರುತ್ತದೆ. ಕಪ್ಪಗೆ, ಗಟ್ಟಿಯಾಗಿ, ಎಲ್ಲ ಹಲ್ಲುಗಳೂ ಭದ್ರ. ಮೋಸಹೋದೆ ಎಂಬ ಭಾವನೆ ಬರುವುದು ಈ ಹಂತದಲ್ಲೇ, ಇದು ದೋಷವಲ್ಲ. ‘ಇನ್ನೂ ಓಡ್ತಿತ್ತಲ್ವೇನಪ್ಪಾ?’ ಎಂದು ಕೇಳಬಹುದು. ಉತ್ತರ ಬರುವುದಿಲ್ಲ, ಅವನು ಆಗಲೇ ಬಿಲ್ಲು ಬರೆಯುತ್ತಿರುತ್ತಾನೆ. ‘ಇರಲಿ, ಸ್ಪೇರ್ ಆಗುತ್ತೆ’ ಎಂದು ಅದನ್ನು ಡಿಕ್ಕಿಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಒಮ್ಮೆ ಬಿಚ್ಚಿದ ಹಳೆಯ ಬೆಲ್ಟನ್ನು ಮತ್ತೆ ಎಂಜಿನ್ನಿಗೆ ಹಾಕುವುದು ನಿಷಿದ್ಧ. ನೀರಿನ ಡ್ರಮ್ಮಿನ ಮುಚ್ಚಳ ಕಟ್ಟಲು ಬಳಸಬಹುದು.

ಬದಲಿಸಿದ ತಾರೀಕು, ಆಗಿನ ಕಿಲೋಮೀಟರ್, ಮುಂದಿನ ಸಲದ ತಾರೀಕು, ಮುಂದಿನ ಕಿಲೋಮೀಟರ್ ಇವಿಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಬಾನೆಟ್ ಒಳಗೆ, ಆಯಿಲ್ ಬೀಳದ ಜಾಗದಲ್ಲಿ ಅಂಟಿಸಿ. ಬಾಲ್‌ಪೆನ್ನಿನಲ್ಲಿ ಬರೆದದ್ದು ಎಂಜಿನ್ನಿನ ಕಾವಿಗೆ ಮಾಸುತ್ತದೆ, ಮಾರ್ಕರ್ ಬಳಸಿ, ಫೋಟೋವನ್ನೂ ತೆಗೆದಿಡಿ. ಕಾರು ಮಾರುವಾಗ ಚೀಟಿ ಕಿತ್ತುಕೊಳ್ಳಕೂಡದು, ಅದು ಕಾರಿನ ಜೊತೆ ಹೋಗತಕ್ಕದ್ದು. ಸೀಟ್ ಕವರ್ ಬೇಕಿದ್ದರೆ ಬಿಚ್ಚಿಕೊಳ್ಳಿ.